ಹಳ್ಳದ ನೀರನ್ನು ಒಂದು ಸಲ ಪರೀಕ್ಷೆ ಮಾಡಿಸಿದರೆ ಸಾಕಾ?

ತೀರ್ಥಹಳ್ಳಿ ಕಡೆ ಹೋಮ್‌ಸ್ಟೇ ನಡೆಸುತ್ತೀರಿ, ತೋಟದ ಕೆಳಗೆ ಹಳ್ಳ ಇದೆ, ಬಂದವರ ಮಕ್ಕಳು ಇಡೀ ದಿನ ಅದರಲ್ಲೇ ಆಡುತ್ತಾರೆ ಎಂದು ಬರೆದಿದ್ದೀರಿ. ಜನವರಿಯಲ್ಲಿ ನೀರನ್ನು ಲ್ಯಾಬಿಗೆ ಕೊಟ್ಟಾಗ ಫೀಕಲ್ ಕೋಲಿಫಾರ್ಮ್ (ಮಲದಿಂದ ನೀರಿಗೆ ಸೇರುವ ಬ್ಯಾಕ್ಟೀರಿಯಾ) 100 ಮಿಲಿಲೀಟರಿಗೆ 220 ಬಂತು, ಇನ್ನು ಚಿಂತೆ ಇಲ್ಲ ಅಲ್ವಾ ಎಂದು ಕೇಳಿದ್ದೀರಿ.

ಜನವರಿಯ ಆ ಒಂದು ದಿನಕ್ಕೆ ಚಿಂತೆ ಇರಲಿಲ್ಲ. ಜೂನ್ ತಿಂಗಳ ಬಗ್ಗೆ ಆ ಕಾಗದ ಏನೂ ಹೇಳುವುದಿಲ್ಲ. ನಾನು ನೀರು ಪರೀಕ್ಷೆಯ ಲ್ಯಾಬಿನಲ್ಲಿ ಹತ್ತು ವರ್ಷ ಕೆಲಸ ಮಾಡಿದವಳು. ಆ 220 ಎಲ್ಲಿಂದ ಬರುತ್ತದೆ ಎಂದು ಮೊದಲು ಹೇಳುತ್ತೇನೆ, ಉಳಿದದ್ದು ತಾನೇ ಅರ್ಥವಾಗುತ್ತದೆ.

ನಮ್ಮ ಹೆಚ್ಚಿನ ಲ್ಯಾಬುಗಳಲ್ಲಿ ಈ ಪರೀಕ್ಷೆಗೆ 15 ಗಾಜಿನ ಟ್ಯೂಬ್ ಇಡುತ್ತೇವೆ. ಎಲ್ಲದರಲ್ಲೂ ಬ್ಯಾಕ್ಟೀರಿಯಾಕ್ಕೆ ಆಹಾರವಾಗುವ ದ್ರಾವಣ ಇರುತ್ತದೆ. ಅದರೊಳಗೆ ಬೆರಳುಗುರು ಗಾತ್ರದ ಇನ್ನೊಂದು ಪುಟ್ಟ ಟ್ಯೂಬ್ ತಲೆಕೆಳಗಾಗಿ ಮುಳುಗಿರುತ್ತದೆ. ಐದು ಟ್ಯೂಬಿಗೆ 10 ಮಿಲಿಲೀಟರ್ ಹಳ್ಳದ ನೀರು, ಐದಕ್ಕೆ 1, ಉಳಿದ ಐದಕ್ಕೆ 0.1. ಬ್ಯಾಕ್ಟೀರಿಯಾ ಇದ್ದರೆ ಸಕ್ಕರೆ ತಿಂದು ಗ್ಯಾಸ್ ಬಿಡುತ್ತವೆ. ಆ ಗ್ಯಾಸ್ ಪುಟ್ಟ ಟ್ಯೂಬಿನ ತಲೆಯಲ್ಲಿ ಗುಳ್ಳೆಯಾಗಿ ನಿಲ್ಲುತ್ತದೆ. ಗುಳ್ಳೆ ಬಂದ ಟ್ಯೂಬಿನಿಂದ ಒಂದು ಹನಿ ತೆಗೆದು ಬೇರೆ ದ್ರಾವಣಕ್ಕೆ ಹಾಕಿ 44.5 ಡಿಗ್ರಿಯಲ್ಲಿ ಒಂದು ದಿನ ಇಡುತ್ತೇವೆ. ಮಣ್ಣಿನಲ್ಲಿ ಇರುವ ಜಾತಿಗಳು ಸಾಮಾನ್ಯವಾಗಿ ಆ ಬಿಸಿ ತಡೆಯುವುದಿಲ್ಲ. ಮನುಷ್ಯರ, ದನಕರುಗಳ ಹೊಟ್ಟೆಯಿಂದ ಬಂದವು ತಡೆಯುತ್ತವೆ. ಅಲ್ಲೂ ಗುಳ್ಳೆ ಬಂದರೆ ಲೆಕ್ಕಕ್ಕೆ ಸೇರುತ್ತದೆ.

ನಿಮ್ಮ ನೀರನ್ನು ತೆಳುಮಾಡದೆ ಹೀಗೆ ನೇರವಾಗಿ ಹಾಕಿದ್ದರೆ, 220 ಎಂದರೆ ಮೊದಲ ಐದರಲ್ಲಿ ಐದೂ, ಎರಡನೇ ಸಾಲಿನಲ್ಲಿ ನಾಲ್ಕು, ಮೂರನೇ ಸಾಲಿನಲ್ಲಿ ಎರಡು ಟ್ಯೂಬಿಗೆ ಗುಳ್ಳೆ ಬಂದಿತ್ತು. ಗುಳ್ಳೆ ಬಂದ ಟ್ಯೂಬುಗಳಿಂದ ಸಂಖ್ಯೆ ಅಂದಾಜಿಸುವ ಕೋಷ್ಟಕ ಲ್ಯಾಬಿನಲ್ಲಿರುತ್ತದೆ, 5-4-2ಕ್ಕೆ ಅದರಲ್ಲಿ ಇರುವ ಅಂಕಿ 220. ಅದು ಎಣಿಸಿದ ಲೆಕ್ಕ ಅಲ್ಲ, ಅಂದಾಜು. ನಿಜವಾದ ಸಂಖ್ಯೆ 100ರ ಆಸುಪಾಸಿನಿಂದ 500 ದಾಟಿಯೂ ಇರಬಹುದು. ನಮ್ಮ ದೇಶದ ನಿಯಮದಲ್ಲಿ ಸ್ನಾನದ ನೀರಿಗೆ 100 ಮಿಲಿಲೀಟರಿಗೆ 500ರ ಒಳಗಿದ್ದರೆ ಒಳ್ಳೆಯದು, 2500 ಕೊನೆಯ ಮಿತಿ. ಹಾಗಾಗಿ ನಿಮ್ಮ ಫಲಿತಾಂಶ ಕೆಟ್ಟದ್ದೇನೂ ಅಲ್ಲ. ಆದರೆ ಒಂದೇ ಒಂದು ಅಂಕಿ ಹಿಡಿದು ನಿಶ್ಚಿಂತರಾಗಬೇಡಿ.

ಈ ಪರೀಕ್ಷೆಗೆ ಮೂರು ದಿನ ಹಿಡಿಯುತ್ತದೆ ಎನ್ನುವುದು ಇನ್ನೊಂದು ತೊಡಕು. ಕಾಗದ ಕೈಗೆ ಬರುವ ಹೊತ್ತಿಗೆ ಆ ನೀರು ಎಲ್ಲೋ ಮುಂದೆ ಹೋಗಿರುತ್ತದೆ, ಮಕ್ಕಳು ಬೇರೆ ನೀರಿನಲ್ಲಿ ಆಡುತ್ತಿರುತ್ತಾರೆ. ಅಮೆರಿಕದ ಅಟ್ಲಾಂಟಾದಲ್ಲಿ ಚಟಹೂಚಿ ನದಿಯಲ್ಲಿ ದೋಣಿ, ಗಾಳಿ ತುಂಬಿದ ರಬ್ಬರ್ ಟ್ಯೂಬ್ ಹಿಡಿದು ಇಳಿಯುವವರು ತುಂಬ. ಅಲ್ಲಿ ವರ್ಷಗಟ್ಟಲೆ ಸ್ಯಾಂಪಲ್ ತೆಗೆದು, ನೀರು ಎಷ್ಟು ಕಲಕಿದಾಗ ಬ್ಯಾಕ್ಟೀರಿಯಾ ಎಷ್ಟಿರುತ್ತದೆ ಎಂದು ತಾಳೆ ನೋಡಿದ್ದಾರೆ. ಈಗ ನದಿಯಲ್ಲಿಟ್ಟ ಸೆನ್ಸರ್ ಕಲಕು ಅಳೆಯುತ್ತದೆ, ಅದರಿಂದ ಆವತ್ತಿನ ಅಂದಾಜು ಜನರಿಗೆ ಆವತ್ತೇ ಸಿಗುತ್ತದೆ. ನಿಮಗೆ ಸೆನ್ಸರ್ ಬೇಕಿಲ್ಲ. ಒಂದು ಬಿಳಿ ಬಟ್ಟಲನ್ನು ದಾರ ಕಟ್ಟಿ ಮಕ್ಕಳು ಇಳಿಯುವ ಗುಂಡಿಗೆ ಬಿಡಿ. ಎಷ್ಟು ಆಳಕ್ಕೆ ಕಣ್ಮರೆಯಾಗುತ್ತದೆ, ಹಿಂದಿನ ದಿನ ಮಳೆ ಬಂದಿತ್ತಾ, ದಿನಾ ಬೆಳಿಗ್ಗೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಲ್ಯಾಬಿನ ಫಲಿತಾಂಶ ಬಂದಾಗ ಪಕ್ಕದಲ್ಲಿ ಬರೆಯಿರಿ. ಒಂದು ವರ್ಷದಲ್ಲಿ ನಿಮ್ಮ ಹಳ್ಳದ ಸ್ವಭಾವ ನಿಮಗೆ ಗೊತ್ತಾಗುತ್ತದೆ.

ಆದರೆ ತಿಳಿನೀರು ಎಂದರೆ ಒಳ್ಳೆಯ ನೀರು ಎಂದು ದಯವಿಟ್ಟು ತಿಳಿಯಬೇಡಿ. ಕೊಪ್ಪದ ಹತ್ತಿರ ಒಂದು ಮನೆಯವರು ನಮ್ಮನ್ನು ಕರೆಸಿದ್ದರು. ನೆಂಟರ ಮಗುವಿಗೆ ಭೇದಿ, ಹಳ್ಳದ ಮೇಲೆ ಅನುಮಾನ. ಮಳೆಗಾಲ ಮುಗಿಯುತ್ತಾ ಬಂದಿತ್ತು, ತಳದ ಕಲ್ಲು ಎಣಿಸುವಷ್ಟು ನೀರು ತಿಳಿಯಾಗಿತ್ತು. ಮೇಲ್ಗಡೆ ಒಂದು ಬಾಟಲಿ, ಮನೆಯ ಕೆಳಗೆ ಒಂದು ಬಾಟಲಿ ತುಂಬಿಸಿದೆ. ಮೇಲಿನ ನೀರಿಗೆ ಮೂರು ಟ್ಯೂಬಿನಲ್ಲಿ ಗುಳ್ಳೆ. ಕೆಳಗಿನದಕ್ಕೆ ಹದಿನೈದರಲ್ಲೂ ಗುಳ್ಳೆ, ಕೆಲವು ಪುಟ್ಟ ಟ್ಯೂಬ್‌ಗಳು ಗ್ಯಾಸ್ ತುಂಬಿ ಮೇಲಕ್ಕೇ ತೇಲಿಬಿಟ್ಟಿದ್ದವು. ಮತ್ತೆ ಹೋಗಿ ನೋಡಿದರೆ ಅವರ ಶೌಚದ ಇಂಗುಗುಂಡಿ ಹಳ್ಳದ ದಂಡೆಗೆ ಹತ್ತೇ ಹೆಜ್ಜೆ. ಬೇಸಿಗೆಯಲ್ಲಿ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಒರತೆ ಮೇಲೆ ಬಂದು ಗುಂಡಿಯ ಒಳಗೇ ನೀರು ನಿಲ್ಲುತ್ತದೆ, ಮಣ್ಣಿನಡಿಯಿಂದ ಸದ್ದಿಲ್ಲದೆ ಹಳ್ಳಕ್ಕೆ ಇಳಿಯುತ್ತದೆ. ಆ ಮನೆಯ ಅಜ್ಜಿ ಆ ನೀರಿನಲ್ಲೇ ಪಾತ್ರೆ ತೊಳೆಯುತ್ತಿದ್ದರು. ಅದು ಈಗಲೂ ನನ್ನ ಕಣ್ಣಿಗೆ ಕಟ್ಟಿದೆ.

ಆದ್ದರಿಂದ ಲ್ಯಾಬಿಗೆ ಮತ್ತೆ ದುಡ್ಡು ಕೊಡುವ ಮೊದಲು ಹಳ್ಳದ ಜೊತೆ ಒಂದೆರಡು ಕಿಲೋಮೀಟರ್ ಮೇಲಕ್ಕೆ ನಡೆಯಿರಿ. ಕೊಟ್ಟಿಗೆ, ಗೊಬ್ಬರಗುಂಡಿ, ಬೇರೆ ಹೋಮ್‌ಸ್ಟೇಗಳ ಪೈಪು, ಎಲ್ಲ ನೋಡಿಕೊಳ್ಳಿ. ಫೀಕಲ್ ಕೋಲಿಫಾರ್ಮ್ ದನದ್ದಾ, ಮನುಷ್ಯರದ್ದಾ ಎಂದು ಈ ಪರೀಕ್ಷೆ ಬಿಡಿಸಿ ಹೇಳುವುದಿಲ್ಲ. ಆದರೆ ಟೈಫಾಯ್ಡು, ಕಾಮಾಲೆ ಹೆಚ್ಚಾಗಿ ಬರುವುದು ಮನುಷ್ಯರ ಶೌಚದ ಗುಂಡಿಯಿಂದ. ನನ್ನ ಹೆಚ್ಚಿನ ಭಯ ಅದರ ಬಗ್ಗೆ.

ಸ್ಯಾಂಪಲ್ ಎರಡು ಕಡೆ ತೆಗೆಯಿರಿ, ನಿಮ್ಮ ಜಾಗಕ್ಕೆ ನೀರು ಬರುವಲ್ಲಿ ಒಂದು, ಮಕ್ಕಳು ಆಡುವಲ್ಲಿ ಒಂದು. ಜನ ಬರುವ ತಿಂಗಳುಗಳಲ್ಲಿ 15 ದಿನಕ್ಕೊಮ್ಮೆ. ಮೊದಲ ಜೋರು ಮಳೆಯ ಮರುದಿನ ಒಂದು, ಮನೆ ತುಂಬಿದ್ದ ವಾರಾಂತ್ಯ ಮುಗಿದ ಸೋಮವಾರ ಒಂದು, ಇವೆರಡನ್ನು ಮಾತ್ರ ತಪ್ಪಿಸಬೇಡಿ. ಬಾಟಲಿಯನ್ನು ಲ್ಯಾಬಿನಿಂದಲೇ ತನ್ನಿ, ಅಂಗಡಿಯ ನೀರಿನ ಬಾಟಲಿ ಆಗುವುದಿಲ್ಲ. ಹರಿವಿಗೆ ಎದುರಾಗಿ ನಿಂತು, ಬಾಟಲಿಯ ಬಾಯಿ ಹರಿವಿನ ಕಡೆ ಮಾಡಿ, ಒಂದು ಅಡಿ ಒಳಗೆ ತುಂಬಿಸಿ. ತಳ ಕೆದಕಬೇಡಿ, ಕೆಸರಿನಲ್ಲೇ ಬ್ಯಾಕ್ಟೀರಿಯಾ ಜಾಸ್ತಿ. ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ಮಧ್ಯಾಹ್ನದ ಬಿಸಿಲಿಗೆ ಸಂಖ್ಯೆ ಇಳಿಯುತ್ತದೆ, ಹಾಗಾಗಿ ಯಾವಾಗಲೂ ಬೆಳಿಗ್ಗೆಯೇ ತೆಗೆಯಿರಿ.

ಪಂಚಾಯಿತಿಯ ನೀರು ಪರೀಕ್ಷೆ ಕಿಟ್‌ನಲ್ಲಿ, ನೀರು ಕೆಟ್ಟಿದ್ದರೆ ಕಪ್ಪಾಗುವ ಸಣ್ಣ ಬಾಟಲಿ ಇದೆಯಲ್ಲ, ಅದು ಸಾಕಾ ಎಂದೂ ಕೇಳಿದ್ದೀರಿ. ಬಾವಿ, ಬೋರ್‌ವೆಲ್, ನಲ್ಲಿ ನೀರಿಗೆ ಅದು ಒಳ್ಳೆಯದು. ಹಳ್ಳದ ನೀರು ಹಾಕಿದರೆ ಹೆಚ್ಚುಕಮ್ಮಿ ಯಾವಾಗಲೂ ಕಪ್ಪೇ. ಎಷ್ಟು ಎಂದು ಅದು ಹೇಳುವುದಿಲ್ಲ.

ಇಲಿಜ್ವರವಂತೂ ಈ ಯಾವ ಪರೀಕ್ಷೆಗೂ ಸಿಗುವುದಿಲ್ಲ, ಅದರ ಬ್ಯಾಕ್ಟೀರಿಯಾವೇ ಬೇರೆ, ಗಾಯದ ಮೂಲಕವೂ ಮೈಗೆ ಸೇರುತ್ತದೆ. ಮಲೆನಾಡಿನಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಕಾಲಲ್ಲಿ ಗಾಯ ಇರುವವರನ್ನು ಮಳೆಗಾಲದಲ್ಲಿ ನೀರಿಗೆ ಬಿಡಬೇಡಿ. ಜೋರು ಮಳೆ ಬಂದರೆ ಎರಡು ಮೂರು ದಿನ ಯಾರನ್ನೂ ಇಳಿಸಬೇಡಿ, ಅತಿಥಿಗಳು ಬೇಜಾರು ಮಾಡಿಕೊಂಡರೂ ಸರಿ.

ನಿಮ್ಮ ಇಂಗುಗುಂಡಿ ಹಳ್ಳದಿಂದ ಎಷ್ಟು ದೂರ ಇದೆ, ಆಗಸ್ಟಿನಲ್ಲಿ ನಿಮ್ಮ ಬಾವಿಯ ನೀರು ಎಷ್ಟು ಮೇಲೆ ಬರುತ್ತದೆ? ಅಳತೆ ಮಾಡಿ ಇಲ್ಲೇ ಬರೆಯಿರಿ. ಎರಡನೇ ಸ್ಯಾಂಪಲ್ ಎಲ್ಲಿ ತೆಗೆಯಬೇಕು ಎಂದು ನೋಡಿ ಹೇಳುತ್ತೇನೆ.