ಜಾಮಿಟ್ರಿ ಬಾಕ್ಸಿನ ಮೇಲಿನ ಹೆಸರು

ನಾನು ಮಕ್ಕಳ ಆಪ್ತಸಮಾಲೋಚಕಿ. 'ಹೆಣ್ಣಿನ ಹಾಗಿಲ್ಲ' ಎಂಬ ದೂರು ಹೊತ್ತ ಹುಡುಗಿ ವರ್ಷಕ್ಕೆ ಮೂರು ನಾಲ್ಕು ಸಲವಾದರೂ ನನ್ನ ಮುಂದೆ ಬಂದು ಕೂರುತ್ತಾಳೆ. ಕರೆತಂದವರ ಮಾತು ಮಾತ್ರ ಬದಲಾಗುವುದಿಲ್ಲ: "ಸ್ವಲ್ಪ ಬುದ್ಧಿ ಹೇಳಿ ಮೇಡಂ, ಹೆಣ್ಣುಮಕ್ಕಳ ಹಾಗೆ ಇರಲಿ."

ಸಿಂಚನ (ಹೆಸರು ಬದಲಿಸಿದ್ದೇನೆ) ಮಂಡ್ಯದ ಆಸುಪಾಸಿನವಳು. ಒಂಬತ್ತನೇ ತರಗತಿ, ಮನೆಯ ಮೂರನೇ ಹೆಣ್ಣು, ಕಬಡ್ಡಿಯಲ್ಲಿ ರೈಡರ್. ಎರಡು ಜಡೆ ಕಡ್ಡಾಯವಾಗಿರುವ ಶಾಲೆಗೆ ಕಿವಿ ಕಾಣುವಂತೆ ಕೂದಲು ಕತ್ತರಿಸಿಕೊಂಡು ಹೋಗಿದ್ದಳು. ಅತಿಥಿಗಳಿಗೆ ಆರತಿ ಎತ್ತಲು ಒಲ್ಲೆ ಎಂದಿದ್ದಳು.

ಮೊದಲ ಪ್ರಶ್ನೆಯಲ್ಲೇ ಎಡವಿದ್ದು ನಾನು. "ಹುಡುಗನಾಗಿ ಹುಟ್ಟಬೇಕಿತ್ತು ಎನಿಸುತ್ತದೆಯೇ?"

ಅವಳು ನಕ್ಕಳು. "ಹಾಗೆ ಅನಿಸುವುದು ನಮ್ಮ ಅಜ್ಜಿಗೆ ಮೇಡಂ, ನನಗಲ್ಲ."

ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದುದು 2023ರಲ್ಲಿ ಬಯಲಾದದ್ದು ಇದೇ ಜಿಲ್ಲೆಯಲ್ಲಿ. ಅದನ್ನು ಬಲ್ಲ ನಾನು ಆ ಪ್ರಶ್ನೆ ಕೇಳಬಾರದಿತ್ತು. ನಿಜವಾಗಿಯೂ ಹಾಗೆ ಅನಿಸುವ ಮಕ್ಕಳೂ ಇದ್ದಾರೆ. ಅವರು ತಾವಾಗಿ ಹೇಳುವವರೆಗೆ ಕಾಯಬೇಕು, ಕೂದಲು ನೋಡಿ ಊಹಿಸಬಾರದು.

ಅವಳ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಮೇಲೆ ಕೈವಾರದ ಮೊನೆಯಿಂದ 'ಗಂಡುಬೀರಿ' ಎಂದು ಗೀಚಿತ್ತು. "ಮೇಷ್ಟ್ರು ಕರೆಯುತ್ತಿದ್ದ ಹೆಸರು. ನಾವು ನಾಲ್ವರು ಗೆಳತಿಯರೂ ಬರೆದುಕೊಂಡೆವು. ಈಗ ಕರೆಯುವುದಿಲ್ಲ." ನನಗೆ ಒಳಗೊಳಗೇ ಖುಷಿಯಾಯಿತು.

"ಉಳಿದ ಹುಡುಗಿಯರು?"

"ಅವರಾ? ಬಳೆ ಪಾರ್ಟಿ."

"ಕಬಡ್ಡಿಯಲ್ಲಿ ಸೋತ ಹುಡುಗನನ್ನು ಏನೆಂದು ಹಂಗಿಸುತ್ತಾರೆ?"

"ಹೋಗಿ ಬಳೆ ತೊಟ್ಟುಕೋ ಎಂದು..." ಅಷ್ಟಕ್ಕೇ ನಿಂತಳು. ಮುಚ್ಚಳವನ್ನು ಟಪ್ ಟಪ್ ಎಂದು ತೆರೆದು ಮುಚ್ಚುತ್ತಾ ಬಹಳ ಹೊತ್ತು ಕುಳಿತಿದ್ದಳು. ನಾನೂ ಸುಮ್ಮನಿದ್ದೆ.

ಅವಳಿಗೆ ಹೇಳಿದ್ದು ಇಷ್ಟೇ: ಕೂದಲು ನಿನ್ನದು, ಬಾಕ್ಸಿನ ಹೆಸರೂ ಇರಲಿ, 'ಬಳೆ ಪಾರ್ಟಿ' ಎನ್ನುವುದನ್ನು ಬಿಡು. ಆರತಿ ಎತ್ತುವ ಕೆಲಸ ಹುಡುಗರೂ ಸೇರಿ ಇಷ್ಟವಿದ್ದವರಿಗೆ ಸಿಗಲಿ ಎಂದು ನಾಲ್ವರೂ ಸಹಿ ಹಾಕಿ ಮುಖ್ಯೋಪಾಧ್ಯಾಯರಿಗೆ ಪತ್ರ ಕೊಡಿ. "ನಾಳೆ ಇವಳನ್ನು ಯಾರು ಕಟ್ಟಿಕೊಳ್ಳುತ್ತಾರೆ?" ಎಂದು ಕಣ್ಣೊರೆಸಿಕೊಂಡ ತಾಯಿಗೆ, 18 ತುಂಬುವವರೆಗೆ ಆ ಚಿಂತೆಗೆ ಕಾನೂನೇ ರಜೆ ಕೊಟ್ಟಿದೆಯಮ್ಮಾ ಎಂದೆ.

ನಾನು ಹುಡುಗಿಗೆ ಕುಮ್ಮಕ್ಕು ಕೊಟ್ಟೆ ಎಂದು ಶಾಲೆಯವರಿಗೆ ಸಿಟ್ಟಿದೆ. ಇರಲಿ. ಜಡೆಯ ವಿಷಯದಲ್ಲಿ ದೊಡ್ಡವರೆಲ್ಲ ಒಂದಾಗಿ ಬಗ್ಗಿಸಿದ ಮಗು, ನಾಳೆ ಯಾರೋ ಮೈಮುಟ್ಟಿದರೆ ಅದೇ ದೊಡ್ಡವರ ಬಳಿ ಬಂದು ಹೇಳುವುದಿಲ್ಲ. ಇದನ್ನು ಎರಡು ಪ್ರಕರಣಗಳಲ್ಲಿ ತಡವಾಗಿ ಕಲಿತವಳು ನಾನು. ಆದ್ದರಿಂದ ಶಿಸ್ತಿನ ಪರವಾಗಿ ನನ್ನಿಂದ ಬುದ್ಧಿಮಾತು ಹೇಳಿಸಬೇಡಿ.

ಕೂದಲಿನ ವಿಷಯಕ್ಕೆ ಶಾಲೆ ಇನ್ನೂ ಒಪ್ಪಿಲ್ಲ. ಮುಂದಿನ ಪೋಷಕರ ಸಭೆಯಲ್ಲಿ ತಾವೇ ಮಾತಾಡುವುದಾಗಿ ತಾಯಿ ಫೋನ್ ಮಾಡಿದ್ದರು. ಜೊತೆಗೆ ಬರಲೇ ಎಂದೆ. ಬೇಡ ಎಂದರು.