ಎಡಿಟರ್‌ನ ಸ್ಕ್ರಿಪ್ಟ್ ಭಾಷೆಗೆ ಚಾನೆಲ್ ಸೇರಿಸುವಾಗ ನಿಜವಾದ ಕಷ್ಟ ಎಲ್ಲಿದೆ?

ನೀವು ಕೇಳಿದ್ದು ಇಷ್ಟು. ಸಿ ಭಾಷೆಯಲ್ಲಿ ನಿಮ್ಮದೇ ಒಂದು ಟೆಕ್ಸ್ಟ್ ಎಡಿಟರ್ ಬರೆದಿದ್ದೀರಿ. ಅದಕ್ಕೊಂದು ಪುಟ್ಟ ಸ್ಕ್ರಿಪ್ಟ್ ಭಾಷೆಯೂ ಇದೆ. ಸ್ಕ್ರಿಪ್ಟ್‌ನಿಂದ ಲಿಂಟರ್ (ಕೋಡ್‌ನಲ್ಲಿ ತಪ್ಪು ಹುಡುಕುವ ಪ್ರೋಗ್ರಾಮ್) ಓಡಿಸಿದರೆ ಅದು ಮುಗಿಯುವವರೆಗೂ ಎಡಿಟರ್ ಕದಲುವುದಿಲ್ಲ. ಸ್ಕ್ರಿಪ್ಟ್ ಭಾಷೆಗೆ ಥ್ರೆಡ್ (ಒಂದೇ ಪ್ರೋಗ್ರಾಮ್‌ನೊಳಗೆ ಜೊತೆಜೊತೆಗೆ ಓಡುವ ಕೆಲಸದ ಎಳೆ) ಕೊಡಬೇಕಾ, ಇಲ್ಲ ಬೇರೆ ಪ್ರೋಗ್ರಾಮ್‌ಗಳ ಜೊತೆ ಮಾತಾಡಲು ಚಾನೆಲ್ ಕೊಡಬೇಕಾ? ಕೊಡುವುದಾದರೆ ಎಲ್ಲಿಂದ ಶುರು ಮಾಡಬೇಕು?

ಥ್ರೆಡ್ ಬೇಡ, ಚಾನೆಲ್ ಕೊಡಿ. ನನ್ನ ಎಡಿಟರ್‌ಗೆ ನಾನು ಇದನ್ನೇ ಮಾಡಿದೆ. ಬೈಟ್ ಕಳಿಸುವ, ಓದುವ ಕೋಡ್ ಒಂದು ವಾರದಲ್ಲಿ ಮುಗಿಯಿತು. ಆದರೆ ಬಂದ ಉತ್ತರವನ್ನು ಸ್ಕ್ರಿಪ್ಟ್‌ಗೆ ಯಾವ ಕ್ಷಣದಲ್ಲಿ ಒಪ್ಪಿಸಬೇಕು ಎಂಬ ಭಾಗವನ್ನು ಎರಡು ಸಲ ಕಿತ್ತುಹಾಕಿ ಮತ್ತೆ ಬರೆದೆ. ಹಾಗಾಗಿ ಈ ಉತ್ತರದಲ್ಲಿ ಆ ಭಾಗದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಥ್ರೆಡ್ ಯಾಕೆ ಬೇಡ ಅಂದರೆ, ಎಡಿಟರ್‌ನ ಒಳಗಿರುವುದೆಲ್ಲ ಹಂಚಿಕೊಂಡ ಸ್ಥಿತಿ. ಬಫರ್ (ತೆರೆದ ಫೈಲ್‌ನ ಪಠ್ಯ ಇರುವ ಜಾಗ), ಅಂಡೂ ಇತಿಹಾಸ, ಕರ್ಸರ್, ಮಾರ್ಕ್, ತೆರೆಯ ಮೇಲೆ ಕಾಣುವ ಸಾಲುಗಳು, ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ. ಎರಡು ಥ್ರೆಡ್ ಒಟ್ಟಿಗೆ ಕೈ ಹಾಕಿದರೆ ಪ್ರತಿಯೊಂದಕ್ಕೂ, ಒಂದು ಮುಟ್ಟುವಾಗ ಇನ್ನೊಂದನ್ನು ತಡೆಯುವ ಲಾಕ್ ಬೇಕು. ಆ ಲಾಕ್‌ಗಳ ಶಿಸ್ತನ್ನು ಸ್ಕ್ರಿಪ್ಟ್ ಬರೆಯುವವರ ತಲೆಗೆ ಕಟ್ಟುವುದು ನ್ಯಾಯವಲ್ಲ. ಬೇರೆ ಪ್ರೋಸೆಸ್ (ಪ್ರತ್ಯೇಕವಾಗಿ ಓಡುವ ಪ್ರೋಗ್ರಾಮ್) ಆದರೆ ಅದಕ್ಕೆ ನಿಮ್ಮ ಮೆಮೊರಿ ಮುಟ್ಟಲಿಕ್ಕೇ ಆಗುವುದಿಲ್ಲ. ಅದು ಕುಸಿದು ಬಿದ್ದರೂ ನಿಮ್ಮ ಎಡಿಟರ್ ನಿಂತಿರುತ್ತದೆ.

ಇದೇನು ಹೊಸ ಯೋಚನೆಯಲ್ಲ. ಈಮ್ಯಾಕ್ಸ್ ಎಂಬ ಎಡಿಟರ್‌ನಲ್ಲಿ ಬಹಳ ಹಿಂದಿನಿಂದಲೂ ಹೀಗೇ ಇದೆ. ಪ್ರೋಸೆಸ್‌ನಿಂದ ಪಠ್ಯ ಬಂದಾಗ ಕರೆಯುವ ಫಂಕ್ಷನ್‌ಗೆ ಅಲ್ಲಿ ಫಿಲ್ಟರ್ ಎನ್ನುತ್ತಾರೆ, ಪ್ರೋಸೆಸ್‌ನ ಸ್ಥಿತಿ ಬದಲಾದಾಗ ಕರೆಯುವುದಕ್ಕೆ ಸೆಂಟಿನೆಲ್ ಎನ್ನುತ್ತಾರೆ. ವಿಮ್ ಎಂಬ ಇನ್ನೊಂದು ಎಡಿಟರ್‌ನಲ್ಲಿ ಮಾತ್ರ ಇದು ತಡವಾಗಿ ಬಂತು. ಹೊರಗಿನ ಕಮಾಂಡ್ ಓಡಿಸಲು ಇದ್ದ ಸಾಮಾನ್ಯ ದಾರಿ 'ಸಿಸ್ಟಮ್' ಫಂಕ್ಷನ್. ಅದು ಕೆಲಸ ಮುಗಿಯುವವರೆಗೂ ಎಡಿಟರನ್ನು ತಡೆದು ನಿಲ್ಲಿಸುತ್ತದೆ, ನಿಮ್ಮಲ್ಲಿ ಈಗ ಆಗುತ್ತಿರುವ ಹಾಗೆಯೇ. 2014ರಲ್ಲಿ ವಿಮ್‌ನಿಂದ ಕವಲೊಡೆದು ಶುರುವಾದ ನಿಯೋವಿಮ್ ಹಿನ್ನೆಲೆಯ ಜಾಬ್‌ಗಳನ್ನೂ (ಎಡಿಟರ್ ಓಡಿಸುವ ಹೊರಗಿನ ಪ್ರೋಸೆಸ್‌ಗಳನ್ನೂ) ಮೆಸೇಜ್‌ಪ್ಯಾಕ್ ಎಂಬ ಡೇಟಾ ರೂಪದ ಮೂಲಕ ಮಾತಾಡುವ ವ್ಯವಸ್ಥೆಯನ್ನೂ ತಂದಿತು. 2016ರ ಸೆಪ್ಟೆಂಬರ್‌ನಲ್ಲಿ ಬಂದ ವಿಮ್ 8.0 ತನ್ನ ಸ್ಕ್ರಿಪ್ಟ್ ಭಾಷೆಗೆ ಜಾಬ್, ಚಾನೆಲ್ ಎರಡನ್ನೂ ಸೇರಿಸಿತು. ವಿಮ್‌ನ ಚಾನೆಲ್ ಬಗ್ಗೆ ಇರುವ ಸಹಾಯ ಪುಟವನ್ನು ಒಮ್ಮೆ ಪೂರ್ತಿ ಓದಿ. ನಿಮ್ಮದು ಬೇರೆ ಭಾಷೆಯಾದರೂ ಅಲ್ಲಿನ ಒಂದೊಂದು ಆಯ್ಕೆಯ ಹಿಂದೆಯೂ ಯಾರೋ ಅನುಭವಿಸಿದ ಕಷ್ಟವಿದೆ.

ಅಡಿಪಾಯ ಸುಲಭ. ಈಗ ನಿಮ್ಮ ಎಡಿಟರ್ ಕೀಬೋರ್ಡ್‌ಗಾಗಿ ಕಾಯುವ ಒಂದು ಜಾಗ ಇರುತ್ತದಲ್ಲ, ಅಲ್ಲಿ 'ಪೋಲ್' (ಹಲವು ಕಡೆಯ ಡೇಟಾಗೆ ಒಟ್ಟಿಗೆ ಕಾಯುವ ಸಿಸ್ಟಮ್ ಫಂಕ್ಷನ್) ಬಳಸಿ ಕೀಬೋರ್ಡ್ ಜೊತೆಗೆ ಎಲ್ಲ ಚಾನೆಲ್‌ಗಳ ಫೈಲ್ ಡಿಸ್ಕ್ರಿಪ್ಟರ್‌ಗಳನ್ನೂ (ತೆರೆದ ಸಂಪರ್ಕಗಳನ್ನು ಗುರುತಿಸುವ ಸಂಖ್ಯೆಗಳನ್ನೂ) ಸೇರಿಸಿ ಕಾಯಿರಿ. ಯಾವುದರಲ್ಲಿ ಡೇಟಾ ಬಂದಿದೆಯೋ ಅದನ್ನು ಓದಿ. ವಿಂಡೋಸ್‌ಗೂ ಒಯ್ಯುವ ಯೋಚನೆ ಇದ್ದರೆ ಒಂದು ಮಾತು ನೆನಪಿರಲಿ: ಅಲ್ಲಿ ಇದೇ ಬಗೆಯ 'ಸೆಲೆಕ್ಟ್' ಕೆಲಸ ಮಾಡುವುದು ಸಾಕೆಟ್‌ಗಳಿಗೆ (ನೆಟ್‌ವರ್ಕ್ ಸಂಪರ್ಕಗಳಿಗೆ) ಮಾತ್ರ, ಪೈಪ್‌ಗಳಿಗೆ (ಎರಡು ಪ್ರೋಸೆಸ್ ನಡುವಿನ ಬೈಟ್ ಕೊಳವೆಗಳಿಗೆ) ಅಲ್ಲ. ಪೈಪ್‌ಗೆ ಬೇರೆ ಏರ್ಪಾಡು ಬೇಕು.

ಮುಂದಿನದು ಸಂದೇಶದ ಗಡಿ. ಪೈಪ್‌ಗೆ ಆಗಲಿ ಸಾಕೆಟ್‌ಗೆ ಆಗಲಿ ಸಂದೇಶ ಅಂದರೇನು ಅಂತ ಗೊತ್ತಿಲ್ಲ. ಅದು ಬರೀ ಬೈಟ್‌ಗಳ ಹೊಳೆ. ಆ ಕಡೆಯವರು ಒಂದೇ ಸಲ ಬರೆದದ್ದು ನಿಮಗೆ ಮೂರು ತುಂಡಾಗಿ ಬರಬಹುದು. ಅವರು ಮೂರು ಸಲ ಬರೆದದ್ದು ಒಂದೇ ಮುದ್ದೆಯಾಗಿ ಬರಬಹುದು. ನಾನು ಹತ್ತು ಸಾಲಿನ ಫೈಲ್ ಇಟ್ಟುಕೊಂಡು ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಅಂದುಕೊಂಡಿದ್ದೆ. ದೊಡ್ಡ ಫೈಲ್ ಕೊಟ್ಟ ದಿನ ಜೇಸನ್ (ಡೇಟಾವನ್ನು ಪಠ್ಯವಾಗಿ ಬರೆಯುವ ಒಂದು ರೂಪ) ಅರ್ಧಕ್ಕೇ ಮುರಿದು ಬಂತು, ಅದನ್ನು ಬಿಡಿಸಿ ಓದುವ ಪಾರ್ಸರ್ ದೋಷ ಹೇಳಿತು. ಕನ್ನಡ ಪಠ್ಯದಲ್ಲಿ ಇದು ಇನ್ನೂ ಬೇಗ ಕಣ್ಣಿಗೆ ಬೀಳುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ 'ಕ' ಎಂಬ ಒಂದು ಅಕ್ಷರಕ್ಕೆ 3 ಬೈಟ್. 'ಕ್ಷಿ' ಬರೆಯಲು ಕ, ವಿರಾಮ (ಅರ್ಧಾಕ್ಷರದ ಗುರುತು), ಷ, ಇಕಾರದ ಗುರುತು ಸೇರಿ 12 ಬೈಟ್. ಒಂದು ಓದು ಆ 12ರ ನಡುವೆ ಎಲ್ಲಿ ಬೇಕಾದರೂ ನಿಲ್ಲಬಹುದು. ಆದ್ದರಿಂದ ಬೈಟ್‌ಗಳನ್ನು ಕೂಡಿಹಾಕಿ, ಪೂರ್ತಿ ಸಂದೇಶ ಸಿಕ್ಕ ಮೇಲೆಯೇ ಅದನ್ನು ಅಕ್ಷರವೆಂದು ನೋಡಿ.

ವಿಮ್‌ನಲ್ಲಿ ಇದಕ್ಕೆ ಮೋಡ್‌ಗಳಿವೆ. ಬಂದದ್ದನ್ನು ಬಂದ ಹಾಗೇ ಕೊಡುವ ರಾ, ಸಾಲು ಸಾಲಾಗಿ ಕೊಡುವ ಎನ್‌ಎಲ್, ಪೂರ್ತಿ ಜೇಸನ್ ಮೌಲ್ಯ ಬರುವವರೆಗೆ ಕಾಯುವ ಜೇಸನ್. 2022ರಲ್ಲಿ ಎಲ್‌ಎಸ್‌ಪಿ (ಲ್ಯಾಂಗ್ವೇಜ್ ಸರ್ವರ್ ಪ್ರೋಟೋಕಾಲ್) ಮೋಡ್ ಕೂಡ ಸೇರಿತು. ಲ್ಯಾಂಗ್ವೇಜ್ ಸರ್ವರ್‌ಗಳು (ಎಡಿಟರ್‌ಗೆ ಕೋಡ್ ಬಗ್ಗೆ ಮಾಹಿತಿ ಕೊಡುವ ಪ್ರೋಗ್ರಾಮ್‌ಗಳು) ಪ್ರತಿ ಸಂದೇಶದ ಮುಂದೆ ಅದರ ಉದ್ದವನ್ನು ಹೇಳುವ ಹೆಡರ್ ಇಡುತ್ತವೆ. ಆ ಉದ್ದ ಬೈಟ್‌ಗಳಲ್ಲಿ, ಅಕ್ಷರಗಳಲ್ಲಿ ಅಲ್ಲ. ನಿಮ್ಮ ಮೊದಲ ಆವೃತ್ತಿಗೆ ಸಾಲಿನ ಮೋಡ್ ಮತ್ತು ಜೇಸನ್ ಮೋಡ್ ಎರಡೇ ಸಾಕು.

ಜೇಸನ್ ಮೋಡ್‌ನಲ್ಲಿ ವಿಮ್ ಮಾಡಿರುವ ಒಂದು ಏರ್ಪಾಡು ನನಗೆ ತುಂಬ ಇಷ್ಟ. ಸಂದೇಶ ಅಂದರೆ ಎರಡು ಅಂಶದ ಪಟ್ಟಿ: ಒಂದು ಸಂಖ್ಯೆ, ಒಂದು ಮೌಲ್ಯ. ಎಡಿಟರ್ ಪ್ರತಿ ಪ್ರಶ್ನೆಗೂ ಹೊಸ ಸಂಖ್ಯೆ ಹಾಕುತ್ತದೆ. ಉತ್ತರ ಅದೇ ಸಂಖ್ಯೆ ಹೊತ್ತು ಬರಬೇಕು. ಕೇಳದೇ ತಾನಾಗಿ ಹೇಳುವ ಮಾತಿದ್ದರೆ ಆ ಕಡೆಯವರು ಸೊನ್ನೆ ಹಾಕುತ್ತಾರೆ. ಇಷ್ಟರಿಂದಲೇ 7ನೇ ಪ್ರಶ್ನೆಯ ಉತ್ತರ 6ನೆಯದಕ್ಕಿಂತ ಮೊದಲು ಬಂದರೂ ಗೊಂದಲ ಆಗುವುದಿಲ್ಲ. ಈ ಸಂಖ್ಯೆ ಇಲ್ಲದೆ ಚಾನೆಲ್ ಮಾಡಬೇಡಿ. ಆಮೇಲೆ ಸೇರಿಸಲು ಹೋದರೆ ಅಷ್ಟರಲ್ಲಿ ಬರೆದ ಸ್ಕ್ರಿಪ್ಟ್‌ಗಳೆಲ್ಲ ಮುರಿಯುತ್ತವೆ.

ಈಗ ಮುಖ್ಯವಾದ ಮಾತು. ಪೂರ್ತಿ ಸಂದೇಶ ಕೈಗೆ ಬಂತು. ಸ್ಕ್ರಿಪ್ಟ್‌ನ ಕಾಲ್‌ಬ್ಯಾಕ್ (ಉತ್ತರ ಬಂದಾಗ ಓಡಲಿ ಎಂದು ಕೊಟ್ಟ ಫಂಕ್ಷನ್) ಅನ್ನು ಯಾವಾಗ ಕರೆಯಬೇಕು?

ನನ್ನ ಮೊದಲ ಆವೃತ್ತಿಯಲ್ಲಿ ಓದಿದ ಕೂಡಲೇ ಕರೆಯುತ್ತಿದ್ದೆ. ಉದ್ದದ ಕೆಲಸಗಳ ನಡುವೆಯೂ ಆಗಾಗ ಚಾನೆಲ್ ಇಣುಕಿ ನೋಡುತ್ತಿದ್ದೆ, ಎಡಿಟರ್ ಚುರುಕಾಗಿರಲಿ ಎಂದು. ಒಂದು ದಿನ ಸಾವಿರಾರು ಸಾಲಿನಲ್ಲಿ ಹುಡುಕಿ ಬದಲಿಸುವ ಕಮಾಂಡ್ ಓಡುತ್ತಿತ್ತು. ನಡುವೆ ಲಿಂಟರ್‌ನ ಉತ್ತರ ಬಂತು. ಕಾಲ್‌ಬ್ಯಾಕ್ ಅದೇ ಬಫರ್‌ನಲ್ಲಿ ಒಂದು ಸಾಲು ಅಳಿಸಿತು. ಬದಲಿಸುವ ಕೋಡ್ ಕೈಯಲ್ಲಿ ಆ ಸಾಲಿನ ಪಾಯಿಂಟರ್ (ಮೆಮೊರಿ ವಿಳಾಸ) ಹಾಗೇ ಇತ್ತು. ಎಡಿಟರ್ ಕುಸಿಯಿತು, ಉಳಿಸದ ಕೆಲಸ ಹೋಯಿತು. ಅದನ್ನು ಬಳಸುತ್ತಿದ್ದ ಗೆಳೆಯನ ಮುಖ ನೋಡಲು ಬೇಜಾರಾಯಿತು.

ಎರಡನೇ ಆವೃತ್ತಿಯಲ್ಲಿ ಓದುವುದನ್ನೂ ಕರೆಯುವುದನ್ನೂ ಬೇರೆ ಮಾಡಿದೆ. ಓದಿದ್ದು ಸರದಿಯಲ್ಲಿ ನಿಲ್ಲುತ್ತದೆ. ಎಡಿಟರ್ ಮುಂದಿನ ಕೀಲಿಗಾಗಿ ಕಾಯುತ್ತಿರುವಾಗ ಮಾತ್ರ ಕಾಲ್‌ಬ್ಯಾಕ್ ಓಡುತ್ತದೆ. ಆ ಹೊತ್ತಿಗೆ ಯಾವ ಕಮಾಂಡೂ ಅರ್ಧದಲ್ಲಿ ಇರುವುದಿಲ್ಲ. ವಿಮ್ ಕೂಡ ಕಾಲ್‌ಬ್ಯಾಕ್ ಕರೆಯುವುದು ಬಹುಪಾಲು ಇಂಥ ಕಾಯುವ ಹೊತ್ತಿನಲ್ಲೇ.

ಆದರೂ ತೊಂದರೆ ಮುಗಿಯಲಿಲ್ಲ. ಕೆಲವು ಸ್ಕ್ರಿಪ್ಟ್‌ಗೆ ಉತ್ತರ ಈಗಲೇ ಬೇಕು, ಕಾಯುತ್ತೇನೆ ಎನ್ನುವ ಫಂಕ್ಷನ್ ಬೇಕಾಗುತ್ತದೆ. ವಿಮ್‌ನ 'ಸಿಎಚ್_ಇವಾಲ್‌ಎಕ್ಸ್‌ಪ್ರ್' ಹಾಗಿನದು. ಪ್ರಶ್ನೆ ಕಳಿಸಿ ಉತ್ತರ ಬರುವವರೆಗೆ ನಿಲ್ಲುತ್ತದೆ, ಬೇರೆ ಹೇಳದಿದ್ದರೆ 2000 ಮಿಲಿಸೆಕೆಂಡ್‌ಗೆ ಕೈಬಿಡುತ್ತದೆ. ನಾನೂ ಅಂಥದ್ದೊಂದು ಕೊಟ್ಟೆ. ಕಾಯುತ್ತಿರುವಾಗ ಬೇರೆ ಸಂದೇಶ ಬಂದರೆ ಅದರ ಕಾಲ್‌ಬ್ಯಾಕನ್ನೂ ಓಡಿಸುತ್ತಿದ್ದೆ. ಆ ಕಾಲ್‌ಬ್ಯಾಕ್ ಮತ್ತೆ ಕಾಯುವ ಫಂಕ್ಷನ್ ಕರೆಯುತ್ತಿತ್ತು. ಅದರೊಳಗೆ ಇನ್ನೊಂದು. ಸ್ಟ್ಯಾಕ್ (ಇನ್ನೂ ಮುಗಿಯದ ಕರೆಗಳ ರಾಶಿ) ಬೆಳೆಯುತ್ತಾ ಹೋಯಿತು, ಯಾರು ಯಾರಿಗಾಗಿ ಕಾಯುತ್ತಿದ್ದಾರೆ ಅಂತಲೇ ತಿಳಿಯದಾಯಿತು. ಈಗಿನ ನಿಯಮ ಸರಳ. 7ನೇ ಉತ್ತರಕ್ಕೆ ಕಾಯುತ್ತಿದ್ದರೆ 7ನೆಯದು ಮಾತ್ರ ಒಳಗೆ. ಉಳಿದವು ಸರದಿಯಲ್ಲಿ ನಿಲ್ಲಲಿ. ಕಾಲಮಿತಿ ಇಲ್ಲದೆ ಕಾಯುವ ದಾರಿಯನ್ನೇ ಕೊಟ್ಟಿಲ್ಲ.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಕೀಲಿಗೆ ಕಾಯುತ್ತಿದೆ ಅಂದ ಮಾತ್ರಕ್ಕೆ ಬಳಕೆದಾರರು ಸುಮ್ನೆ ಕೂತಿದ್ದಾರೆ ಅಂತಲ್ಲ. ಅಳಿಸು ಎಂಬ ಕೀಲಿ ಒತ್ತಿ, ಎಷ್ಟು ಅಳಿಸಬೇಕು ಎಂಬ ಎರಡನೇ ಕೀಲಿ ಒತ್ತುವ ಮುಂಚೆ ಅರೆ ಕ್ಷಣ ತಡೆದಿರಬಹುದು. ಪೂರ್ಣಗೊಳಿಸುವ ಮೆನು ತೆರೆದಿರಬಹುದು. ಆಗ ಕಾಲ್‌ಬ್ಯಾಕ್ ಕರ್ಸರ್ ಸರಿಸಿದರೆ ಅವರು ಅಂದುಕೊಂಡದ್ದೇ ಒಂದು, ಅಳಿಯುವುದೇ ಇನ್ನೊಂದು. ನಾನು ಕಾಲ್‌ಬ್ಯಾಕ್‌ನ ಮುಂಚೆ ಕರ್ಸರ್, ವಿಂಡೋ, ಆಯ್ದ ಭಾಗ ಎಲ್ಲ ನೆನಪಿಟ್ಟುಕೊಂಡು ಆಮೇಲೆ ವಾಪಸ್ ತರುತ್ತೇನೆ. ಕಮಾಂಡ್ ಅರ್ಧದಲ್ಲಿದ್ದರೆ ಕರೆಯುವುದನ್ನೇ ಮುಂದೂಡುತ್ತೇನೆ.

ಇನ್ನು, ಉತ್ತರ ಬರುವ ಹೊತ್ತಿಗೆ ಪ್ರಶ್ನೆಯೇ ಹಳತಾಗಿರುತ್ತದೆ. 40ನೇ ಸಾಲಿನಲ್ಲಿ ತಪ್ಪಿದೆ ಎಂದು ಲಿಂಟರ್ ಹೇಳುವಷ್ಟರಲ್ಲಿ ನೀವು ಮೇಲೆ ಮೂರು ಸಾಲು ಸೇರಿಸಿರುತ್ತೀರಿ. ವಿಮ್‌ನಲ್ಲಿ ಪ್ರತಿ ಬಫರ್‌ಗೂ 'ಚೇಂಜ್ಡ್‌ಟಿಕ್' ಎಂಬ ಎಣಿಕೆ ಇದೆ. ಬಫರ್ ಬದಲಾದಂತೆ ಅದು ಏರುತ್ತದೆ. ನಿಮ್ಮ ಭಾಷೆಗೂ ಅಂಥದ್ದೊಂದು ಕೊಡಿ. ಪ್ರಶ್ನೆ ಕಳಿಸುವಾಗ ಸ್ಕ್ರಿಪ್ಟ್ ಅದನ್ನು ಬರೆದಿಟ್ಟುಕೊಳ್ಳಲಿ, ಉತ್ತರ ಬಂದಾಗ ಹೋಲಿಸಲಿ. ಬೇರೆಯಾಗಿದ್ದರೆ ಉತ್ತರ ಬಿಸಾಡಿ ಮತ್ತೆ ಕೇಳುವುದೇ ವಾಸಿ.

ಬರೆಯುವ ಕಡೆಯೂ ಎಚ್ಚರ ಬೇಕು. ಲಿನಕ್ಸ್‌ನಲ್ಲಿ ಪೈಪ್ ಸಾಮಾನ್ಯವಾಗಿ 64 ಕಿಲೋಬೈಟ್ ಹಿಡಿಯುತ್ತದೆ. ನೀವು ದೊಡ್ಡ ಬಫರನ್ನು ಒಂದೇ ಏಟಿಗೆ ಬರೆಯಲು ಹೋದರೆ ಪೈಪ್ ತುಂಬಿ ನೀವು ನಿಲ್ಲುತ್ತೀರಿ. ಆ ಕಡೆಯ ಪ್ರೋಗ್ರಾಮ್ ಅಷ್ಟರಲ್ಲಿ ಉತ್ತರ ಬರೆಯಲು ಶುರು ಮಾಡಿ, ಅದರ ಪೈಪೂ ತುಂಬಿ ಅದೂ ನಿಲ್ಲುತ್ತದೆ. ನೀವು ಓದಲಿ ಎಂದು ಅದು, ಅದು ಓದಲಿ ಎಂದು ನೀವು. ಡಿಸ್ಕ್ರಿಪ್ಟರನ್ನು ತಡೆಯದ ರೀತಿಗೆ ಹಾಕಿ, ಹೋಗದೆ ಉಳಿದದ್ದನ್ನು ಸರದಿಯಲ್ಲಿಟ್ಟು, ಜಾಗ ಆದಾಗ ಕಳಿಸಿ. ಮುಚ್ಚಿಹೋದ ಪೈಪ್‌ಗೆ ಬರೆದಾಗ ಬರುವ ಸಿಗ್‌ಪೈಪ್ ಸಿಗ್ನಲನ್ನು ಕಡೆಗಣಿಸಲು ಮರೆಯಬೇಡಿ. ಇಲ್ಲದಿದ್ದರೆ ಆ ಕಡೆಯವರು ಸತ್ತ ಮೇಲೆ ಬರೆದ ಒಂದೇ ಬೈಟ್ ನಿಮ್ಮ ಎಡಿಟರನ್ನೂ ಕೊಲ್ಲುತ್ತದೆ.

ಕೆಲಸ ಮುಗಿಯಿತು ಎನ್ನುವುದು ಒಂದು ಘಟನೆಯಲ್ಲ, ಎರಡು. ಪ್ರೋಸೆಸ್ ನಿಂತದ್ದು ಒಂದು. ಅದರ ಪೈಪ್ ಬರಿದಾಗಿ ಮುಚ್ಚಿದ್ದು ಇನ್ನೊಂದು. ಪ್ರೋಸೆಸ್ ಹೋದ ಸುದ್ದಿ ಬಂದಾಗ ಅದು ಬರೆದ ಕೊನೆಯ ಸಾಲುಗಳು ಇನ್ನೂ ಪೈಪ್‌ನಲ್ಲೇ ಇರಬಹುದು. ವಿಮ್ ಇದಕ್ಕೇ ಎರಡು ಬೇರೆ ಕಾಲ್‌ಬ್ಯಾಕ್ ಇಟ್ಟಿದೆ. ಎಲ್ಲ ಔಟ್‌ಪುಟ್ ಬೇಕಿದ್ದರೆ ಚಾನೆಲ್ ಮುಚ್ಚಿದ್ದನ್ನು ನೋಡಬೇಕು, ಎಕ್ಸಿಟ್ ಕೋಡ್ (ಕೆಲಸ ಸರಿಯಾಯಿತೋ ಇಲ್ಲವೋ ಹೇಳುವ ಸಂಖ್ಯೆ) ಬೇಕಿದ್ದರೆ ಪ್ರೋಸೆಸ್ ಮುಗಿದದ್ದನ್ನು. ಎರಡನ್ನೂ ಒಂದು ಮಾಡಿ ಸುಲಭ ಮಾಡೋಣ ಅನ್ನಿಸುತ್ತದೆ. ಮಾಡಬೇಡಿ.

ಸ್ಕ್ರಿಪ್ಟ್ ಬರೆಯುವವರಿಂದ ನಿಮಗೆ ಖಂಡಿತ ಬರುವ ಒಂದು ದೂರು ಈಗಲೇ ಹೇಳಿಬಿಡುತ್ತೇನೆ: "ಟರ್ಮಿನಲ್‌ನಲ್ಲಿ ಸಾಲುಗಳು ಒಂದೊಂದಾಗಿ ಬರುತ್ತವೆ, ಚಾನೆಲ್‌ನಲ್ಲಿ ಕೊನೆಗೆ ಒಟ್ಟಿಗೆ ಬರುತ್ತವೆ." ತಪ್ಪು ನಿಮ್ಮದಲ್ಲ. ಔಟ್‌ಪುಟ್ ಟರ್ಮಿನಲ್‌ಗೆ ಹೋಗುತ್ತಿಲ್ಲ, ಪೈಪ್‌ಗೆ ಹೋಗುತ್ತಿದೆ ಎಂದು ಕಂಡರೆ ಸಿ ಲೈಬ್ರರಿ ಬರೆದದ್ದನ್ನು ಕೂಡಿಟ್ಟು ಒಟ್ಟಿಗೆ ಕಳಿಸುತ್ತದೆ. ಆ ಪ್ರೋಗ್ರಾಮ್ ಪ್ರತಿ ಸಾಲಿಗೂ ಫ್ಲಶ್ ಮಾಡಬೇಕು, ಅಂದರೆ ಕೂಡಿಟ್ಟದ್ದನ್ನು ಆಗಲೇ ಕಳಿಸಬೇಕು. ಅದನ್ನು ತಿದ್ದಲಾಗದಿದ್ದರೆ ಪೈಪ್ ಬದಲು ಸೂಡೋ ಟರ್ಮಿನಲ್ (ನಿಜವಾದ ಟರ್ಮಿನಲ್‌ನಂತೆ ಕಾಣುವ ಸಂಪರ್ಕ) ಕೊಟ್ಟು ಓಡಿಸುವ ಆಯ್ಕೆ ಇಡಿ. ಇದನ್ನು ನಿಮ್ಮ ಕೈಪಿಡಿಯ ಮೊದಲ ಪುಟದಲ್ಲೇ ಬರೆಯಿರಿ.

ಭದ್ರತೆ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟು. ವಿಮ್‌ನ ಜೇಸನ್ ಚಾನೆಲ್‌ನಲ್ಲಿ ಆ ಕಡೆಯವರು ಎಡಿಟರ್‌ಗೇ ಕಮಾಂಡ್ ಕಳಿಸಬಹುದು. ಶಕ್ತಿ ದೊಡ್ಡದು, ಅಪಾಯವೂ ಅಷ್ಟೇ. ನೀವು ಮೊದಲ ಆವೃತ್ತಿಯಲ್ಲಿ ಅದನ್ನು ಕೈಬಿಡಿ. ಬಂದದ್ದು ಡೇಟಾ ಮಾತ್ರ, ಏನು ಮಾಡಬೇಕು ಎಂಬುದನ್ನು ಸ್ಕ್ರಿಪ್ಟ್ ತೀರ್ಮಾನಿಸಲಿ. ನೀವೇ ಹುಟ್ಟಿಸಿದ ಪ್ರೋಸೆಸ್ ಜೊತೆ ಪೈಪ್‌ನಲ್ಲಿ ಮಾತಾಡಿ. ಟಿಸಿಪಿ ಪೋರ್ಟ್ (ನೆಟ್‌ವರ್ಕ್ ಸಂಪರ್ಕಕ್ಕೆ ಬಾಗಿಲು) ತೆರೆದರೆ ಅದೇ ಯಂತ್ರದಲ್ಲಿರುವ ಬೇರೆ ಬಳಕೆದಾರರೂ ಅದಕ್ಕೆ ಬಂದು ಸೇರಿಕೊಳ್ಳಬಹುದು.

ಜಾಬ್‌ನ ಆಯುಸ್ಸನ್ನೂ ಸ್ಪಷ್ಟ ಮಾಡಿ. ಸ್ಕ್ರಿಪ್ಟ್‌ನಲ್ಲಿ ಜಾಬ್ ಶುರು ಮಾಡಿ ಅದನ್ನು ಯಾವ ವೇರಿಯಬಲ್‌ನಲ್ಲೂ ಇಡದಿದ್ದರೆ ಕಸ ಗುಡಿಸುವವ (ಬಳಕೆಯಲ್ಲಿಲ್ಲದ ಮೆಮೊರಿ ತೆರವು ಮಾಡುವ ಭಾಗ) ಬಂದು ಅದನ್ನು ಎತ್ತಿಕೊಂಡು ಹೋಗಬೇಕಾ? ವಿಮ್‌ನ ಸಹಾಯ ಪುಟ ಜಾಬನ್ನು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ ಎಂದೇ ಹೇಳುತ್ತದೆ. ನನ್ನಲ್ಲಿ ಪ್ರೋಸೆಸ್ ಓಡುತ್ತಿರುವವರೆಗೆ ಎಡಿಟರೇ ಒಂದು ಹಿಡಿತ ಇಟ್ಟುಕೊಂಡಿರುತ್ತದೆ. ಬಳಸುವವರಿಗೆ ಇದೇ ಸಹಜ ಅನ್ನಿಸಿತು.

ಎಲ್ಲಿಂದ ಶುರು ಅಂತ ಕೇಳಿದಿರಲ್ಲ. ಲಾಗ್‌ನಿಂದ. ಚಾನೆಲ್‌ನಲ್ಲಿ ಹೋದ, ಬಂದ ಪ್ರತಿಯೊಂದನ್ನೂ ಸಮಯದ ಸಮೇತ ಒಂದು ಫೈಲ್‌ಗೆ ಬರೆಯುವ ಫಂಕ್ಷನ್ ಮೊದಲು ಮಾಡಿ. ಆಮೇಲೆ ಬೇಕೆಂದೇ ಕಾಟ ಕೊಡುವ ಒಂದು ಪುಟ್ಟ ಪ್ರೋಗ್ರಾಮ್ ಬರೆಯಿರಿ. ಅದು ಕನ್ನಡ ಪಠ್ಯವಿರುವ ಜೇಸನ್ ಸಂದೇಶವನ್ನು ಒಂದೊಂದೇ ಬೈಟ್ ಆಗಿ, ನಡುನಡುವೆ ನಿದ್ದೆ ಮಾಡಿ ಕಳಿಸಲಿ. ಆಮೇಲೆ ಐದು ಸಂದೇಶವನ್ನು ಒಂದೇ ಏಟಿಗೆ ಕಳಿಸಲಿ. ಉತ್ತರಗಳನ್ನು ಅದಲುಬದಲು ಮಾಡಲಿ. ತಾನು ಏನೂ ಓದದೆ ಒಂದು ಮೆಗಾಬೈಟ್ ಬರೆಯಲಿ. ಕೊನೆಗೆ ಒಂದು ಸಂದೇಶದ ಅರ್ಧಕ್ಕೆ ಹಠಾತ್ತಾಗಿ ಸಾಯಲಿ. ಇಷ್ಟು ನಡೆಯುತ್ತಿರುವಾಗ ನೀವು ಎಡಿಟರ್‌ನಲ್ಲಿ ಟೈಪ್ ಮಾಡುತ್ತಾ ಇರಿ. ಎಲ್ಲಿ ಸಿಕ್ಕಿಕೊಂಡಿತು ಅಂತ ಲಾಗ್ ಸಮೇತ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.