ಸಾಯುವ ಯೋಚನೆ ಇದೆಯೇ ಎಂದು ಮಗನನ್ನು ನೇರವಾಗಿ ಕೇಳಬಹುದೇ?

15 ವರ್ಷದ ಮಗ ಒಂದು ತಿಂಗಳಿಂದ ಕೋಣೆ ಬಿಟ್ಟು ಬರುತ್ತಿಲ್ಲ, ಎಲ್ಲದಕ್ಕೂ ಸಿಡುಕುತ್ತಾನೆ, ಮೊನ್ನೆ ‘ನಾನು ಇಲ್ಲದಿದ್ದರೇ ಚೆನ್ನಾಗಿತ್ತು’ ಎಂದ. ಆತ್ಮಹತ್ಯೆಯ ಮಾತೆತ್ತಿದರೆ ಇಲ್ಲದ ಯೋಚನೆಯನ್ನು ನಾವೇ ಅವನ ತಲೆಯಲ್ಲಿ ಬಿತ್ತಿದಂತಾಗದೇ ಎಂದು ಕೇಳಿದ್ದೀರಿ. ಆಗುವುದಿಲ್ಲ, ಇಂದೇ ಕೇಳಿ. ನೇರವಾಗಿ ಕೇಳುವುದರಿಂದ ಸಾಯುವ ಯೋಚನೆ ಹುಟ್ಟುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಯೋಚನೆ ಮೊದಲೇ ಇದ್ದರೆ, ಕೇಳುವವರೊಬ್ಬರು ಸಿಕ್ಕಿದ್ದಕ್ಕೆ ಭಾರ ತುಸು ಇಳಿಯುವುದೇ ಹೆಚ್ಚು.

ನನ್ನ ಮಗಳಿಗೆ 16 ತುಂಬಿದ್ದಾಗ ಇದೇ ಭಯದಿಂದ ನಾನು ಮೂರು ವಾರ ಸುಮ್ಮನಿದ್ದೆ. ಸ್ನಾನ ಮುಗಿಸಿ ಬಂದವಳು, ಕೂದಲಿನ ನೀರು ಬೆನ್ನಿಗೆ ಇಳಿಯುತ್ತಿದ್ದರೂ, ಬಾಚಣಿಗೆ ಹಿಡಿದು ಮಂಚದ ತುದಿಯಲ್ಲಿ ಅರ್ಧ ಗಂಟೆ ಹಾಗೆಯೇ ಕುಳಿತಿರುತ್ತಿದ್ದಳು. ಸೋಮಾರಿತನವೆಂದು ನಾನು ಬೈದೆ. ಆ ಬೈಗುಳ ನನ್ನನ್ನು ಇಂದಿಗೂ ಚುಚ್ಚುತ್ತದೆ. ಹದಿಹರೆಯದ ಖಿನ್ನತೆ ಅಳುವಾಗಿಯೇ ಕಾಣಿಸಬೇಕೆಂದಿಲ್ಲ, ಸಿಡುಕಾಗಿ, ಕೆಟ್ಟ ನಿದ್ದೆಯಾಗಿ, ಇಷ್ಟವಾಗಿದ್ದೆಲ್ಲ ಬೇಡವಾಗುವುದಾಗಿಯೂ ಬರುತ್ತದೆ, ಮತ್ತು ಎರಡು ವಾರ ದಾಟಿದರೆ ಅದನ್ನು ವಯಸ್ಸಿನ ಗುಣವೆಂದು ತಳ್ಳಿಹಾಕಬಾರದು. ಕೊನೆಗೊಂದು ಸಂಜೆ ‘ಸತ್ತುಹೋಗಬೇಕು ಅನ್ನಿಸುತ್ತಿದೆಯಾ?’ ಎಂದು ಕೇಳಿದೆ. ಬಾಚಣಿಗೆಯ ಹಲ್ಲುಗಳನ್ನು ಬೆರಳಿನಿಂದ ಸವರುತ್ತ, ‘ದಿನಾ ಅನ್ನಿಸತ್ತೆ’ ಎಂದಳು. ಬಾಯಿಗೆ ಬಂದ ಉಪದೇಶವನ್ನೆಲ್ಲ ನುಂಗಿಕೊಂಡು ಪಕ್ಕದಲ್ಲಿ ಕುಳಿತೆ.

ನಿಮ್ಮ ಮಗ ಹೌದು ಎಂದರೆ, ‘ನಿನಗೇನು ಕಡಿಮೆ ಮಾಡಿದ್ದೇವೆ’ ಎಂದು ದಯವಿಟ್ಟು ಕೇಳಬೇಡಿ. ಯಾರಿಗೂ ಹೇಳುವುದಿಲ್ಲವೆಂದು ಮಾತು ಕೊಡಲೂ ಬೇಡಿ. ಹೇಗೆ, ಯಾವಾಗ ಎಂದು ಯೋಚಿಸಿದ್ದಾನೆಯೇ ಎಂದು ವಿಚಾರಿಸಿ. ಯೋಚಿಸಿದ್ದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಪಾಯ ತರಬಲ್ಲ ವಸ್ತುಗಳನ್ನೂ ಮನೆಯ ಔಷಧಿಗಳನ್ನೂ ಇಂದೇ ಬೀಗದೊಳಗಿಡಿ, ಏಕೆಂದರೆ ಸಾಯಬೇಕೆಂಬ ತೀವ್ರ ತುಡಿತ ಬಹಳಷ್ಟು ಸಲ ಸ್ವಲ್ಪ ಹೊತ್ತಿನದಾಗಿರುತ್ತದೆ, ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿರುವುದೇ ಜೀವ ಉಳಿಸುತ್ತದೆ.

ಅಪಾಯ ತಕ್ಷಣದ್ದಲ್ಲದಿದ್ದರೂ ಮನೋವೈದ್ಯರನ್ನು ಈ ವಾರವೇ ಕಾಣಿ. ಆಪ್ತಸಮಾಲೋಚನೆ, ಅಗತ್ಯವಿದ್ದರೆ ಫ್ಲುಯೊಕ್ಸೆಟಿನ್‌ನಂಥ ಖಿನ್ನತೆ ಇಳಿಸುವ ಮಾತ್ರೆ ಸೂಚಿಸಬಹುದು. ಮಾತ್ರೆಯ ಗುಣ ಕಾಣಲು ಹಲವು ವಾರ ಬೇಕು, ಮತ್ತು ಮೊದಲ ವಾರಗಳಲ್ಲಿ ಕೆಲವು ಎಳೆಯರಲ್ಲಿ ಸಾಯುವ ಯೋಚನೆ ಹೆಚ್ಚಬಹುದಾದ್ದರಿಂದ ಹತ್ತಿರವಿದ್ದು ಗಮನಿಸಬೇಕು. ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ನನ್ನ ಮಗಳಿಗೆ ಮೊದಲು ನಿದ್ದೆ ಮರಳಿತು, ಆಮೇಲೆ ಹಸಿವು, ಗೆಳತಿಯರು ಎಲ್ಲಕ್ಕಿಂತ ಕೊನೆಗೆ.